ಮಾವನ ಶಿಳ್ಳೆ, ಕೊಲ್ಲಿಯ ಕುದುರೆ

ಶಿರಾಲಿ

ನಾನು ವಿದೇಶಕ್ಕೆ ಹೋಗಿದ್ದು ಒಬ್ಬರನ್ನು ಅಣಕಿಸಿದ ತಪ್ಪಿಗೆ.

ಶಿರಾಲಿಯಲ್ಲಿ ಒಂದು ಮದುವೆ. ಅಡುಗೆ ತಡವಾಗಿತ್ತು. ಹಸಿದ ಜನ ಗಲಾಟೆ ಎಬ್ಬಿಸುವ ಮೊದಲು ಅವರನ್ನು ನಗಿಸು ಎಂದು ನನ್ನನ್ನು ಹಿಡಿದು ಮೈಕಿನ ಮುಂದೆ ನಿಲ್ಲಿಸಿದರು. ಕುಮಟಾ–ಭಟ್ಕಳ ಬಸ್ಸಿನ ಕಂಡಕ್ಟರು, ಮೀನು ಮಾರುವ ಅಕ್ಕ, ಕರೆಂಟ್ ಹೋದಾಗ ನಿಧಾನಕ್ಕೆ ಪ್ರಾಣ ಬಿಡುವ ಗ್ರೈಂಡರು, ನಮ್ಮ ಪ್ರಿನ್ಸಿಪಾಲರ ಕೆಮ್ಮು ಎಲ್ಲ ಮುಗಿಯಿತು. ಅಡುಗೆ ಮುಗಿಯಲಿಲ್ಲ. ನನ್ನ ಸರಕು ಖಾಲಿ. ಆಗ ಕಣ್ಣಿಗೆ ಬಿದ್ದವರು ಮೊದಲ ಸಾಲಿನಲ್ಲಿ ಕೂತಿದ್ದ ಭಟ್ಕಳದ ಇಲಿಯಾಸ್ ಭಾಯಿ. ಮೂವತ್ತು ವರ್ಷದಿಂದ ಕೊಲ್ಲಿಯಲ್ಲಿ ಅತ್ತರಿನ ಅಂಗಡಿ ಇಟ್ಟವರು. ಪ್ರತಿ ಮಾತಿಗೂ ಮೊದಲು ‘ಅರೇ ನೋಡಿ’ ಎನ್ನುತ್ತಾರೆ, ಆಮೇಲೆ ಮೂಗಿನಿಂದ ಗಾಳಿ ಎಳೆದು ಎದುರಿನವನ ವಾಸನೆ ಪರೀಕ್ಷಿಸುತ್ತಾರೆ. ಅದನ್ನೇ ಮಾಡಿಬಿಟ್ಟೆ.

ಊಟದ ಹೊತ್ತಿಗೆ ಅವರು ನನ್ನ ಪಕ್ಕದಲ್ಲಿ ಬಂದು ಕೂತರು. ಹೊಡೆಯುತ್ತಾರೆ ಎಂದು ನಾನು ಎಲೆಯನ್ನು ಒಂದು ಗೇಣು ಆಚೆ ಸರಿಸಿದೆ. ತಾವು ಹಾಗೆಯೇ ಮಾತಾಡುವುದಾ ಎಂದು ಹೆಂಡತಿಯನ್ನು ಕೇಳಿದರಂತೆ. ಆ ಹುಡುಗ ಮರ್ಯಾದೆಗೆ ಸ್ವಲ್ಪ ಕಡಿಮೆಯೇ ಮಾಡಿದ್ದಾನೆ ಎಂದರಂತೆ ಆಕೆ. ಕರಾವಳಿಯವರೆಲ್ಲ ಸೇರುವ ಒಂದು ಸಂಜೆ ಕೊಲ್ಲಿಯಲ್ಲಿ ಇದೆ, ನೀನು ಬರಬೇಕು ಎಂದರು. ಹೀಗೆ ಧಾರೇಶ್ವರದ ನಾಗು ಎಂಬ ನಾನು, ಕಾರವಾರ ದಾಟಿದ್ದೇ ಎರಡು ಸಲ, ಸಮುದ್ರ ದಾಟುವುದೆಂದಾಯಿತು.

ನನಗಿಂತ ಹೆಚ್ಚು ಖುಷಿಯಾದವಳು ಅಮ್ಮ. ಅವಳ ತಮ್ಮ ಸುಬ್ರಾಯ ಮಾವ ಅಲ್ಲಿಯೇ ಒಂದು ರೇಸ್ ಕುದುರೆಗಳ ಲಾಯದಲ್ಲಿ ಕೆಲಸಕ್ಕಿದ್ದ. ಹತ್ತೊಂಬತ್ತನೇ ವರ್ಷಕ್ಕೆ ಮುಂಬೈಗೆ ಹೋಗಿ ಲಾಯ ಗುಡಿಸಿದವನು, ಅಲ್ಲಿಂದ ಹಾರಿ ಕೊಲ್ಲಿ ಸೇರಿದ್ದ. ಅಮ್ಮ ಮೂರು ಕೆ.ಜಿ. ಕುಟ್ಟವಲಕ್ಕಿ ಮಾಡಿ ನನ್ನ ಚೀಲಕ್ಕೆ ತುಂಬಿದಳು. ಬಟ್ಟೆ ಎಲ್ಲಿಡುವುದು ಎಂದರೆ, ಹಾಕಿಕೊಂಡು ಹೋಗು ಎಂದಳು.

ಊರಿನ ಹೆಸರು ಹೇಳದ ಊರು

ಆ ಊರಿನ ಹೆಸರು ಬರೆಯುವುದಿಲ್ಲ. ಮಾವ ಇನ್ನೂ ಅಲ್ಲೇ ಇದ್ದಾನೆ, ಮುಂದೆ ಓದಿದರೆ ಯಾಕೆಂದು ತಿಳಿಯುತ್ತದೆ.

ವಿಮಾನ ನಿಲ್ದಾಣದಲ್ಲಿ ನನ್ನ ಚೀಲ ತೆಗೆಸಿದರು. ತೆಂಗಿನಕಾಯಿ, ಮೆಣಸು, ಬೆಲ್ಲ ಸೇರಿಸಿ ಕುಟ್ಟಿದ ಅವಲಕ್ಕಿಗೆ ಕೆಂಪು ಬಣ್ಣ, ಅನುಮಾನ ಹುಟ್ಟಿಸುವ ವಾಸನೆ. ಅಧಿಕಾರಿ ಇದೇನು ಎಂದು ಕೇಳಿದ. ಇಂಗ್ಲಿಷಿನಲ್ಲಿ ಅವಲಕ್ಕಿಯನ್ನು ವಿವರಿಸಲು ಹೊರಟವನಿಗೆ ದೇವರೇ ಗತಿ. ಅನ್ನ, ಆದರೆ ಅನ್ನ ಅಲ್ಲ. ಚಪ್ಪಟೆ, ಆದರೆ ಯಂತ್ರದಿಂದ ಅಲ್ಲ. ಕೊನೆಗೆ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡು ತೋರಿಸಿದೆ. ಒಣ ಅವಲಕ್ಕಿ ಬಾಯಿ ತುಂಬಿದ ಮೇಲೆ ಮನುಷ್ಯ ಎಂತದೂ ಮಾತಾಡಲಾರ. ಅವನು ಕೇಳಿದ ಎರಡು ಪ್ರಶ್ನೆಗೂ ನಾನು ತಲೆ ಮಾತ್ರ ಆಡಿಸಿದೆ. ಬಿಟ್ಟ.

ಹೊರಗೆ ಬಂದರೆ ಬಿಸಿಲು. ಬಿಸಿಲು ನಮ್ಮಲ್ಲೂ ಇದೆ, ಆದರೆ ಅದಕ್ಕೆ ಬೆವರಿನ ಸ್ನೇಹ. ಇಲ್ಲಿ ಬೆವರೂ ಹೆದರಿ ಒಳಗೇ ಉಳಿಯುತ್ತದೆ. ಕರಾವಳಿಯವರ ಆ ಸಂಜೆಯ ಕಾರ್ಯಕ್ರಮದಲ್ಲಿ ನಾನು ಕಂಡಕ್ಟರನ್ನು ಮಾಡುವಾಗ, ಹೊನ್ನಾವರದ ಶರಾವತಿ ಸೇತುವೆ ಬಂತು ಎಂದು ಕೂಗಿದ ಕೂಡಲೇ ಹಿಂದಿನ ಸಾಲಿನಲ್ಲಿ ಒಬ್ಬರು ಸೀಟಿನಿಂದ ಎದ್ದು ಇಳಿಯಲು ಹೊರಟರು ಎಂದು ಇಲಿಯಾಸ್ ಭಾಯಿ ಇವತ್ತಿಗೂ ಆಣೆ ಮಾಡುತ್ತಾರೆ. ನಂಬಬೇಡಿ. ಅತ್ತರು ಮಾರುವವರಿಗೆ ಸ್ವಲ್ಪ ಹೆಚ್ಚೇ ಸಿಂಪಡಿಸುವ ಅಭ್ಯಾಸ.

ಲಾಯ

ಉಳಿದ ದಿನಗಳನ್ನು ಮಾವನ ಜತೆ ಕಳೆದೆ. ಅವನ ಲಾಯದಲ್ಲಿ ಕುದುರೆಗಳಿಗೆ ಎ.ಸಿ. ಇತ್ತು, ಈಜುಕೊಳ ಇತ್ತು, ಹಲ್ಲಿಗೆ ಬೇರೆ ಡಾಕ್ಟರು, ಗೊರಸಿಗೆ ಬೇರೆ ಕಸುಬಿನವನು. ಮಾವನ ಕೋಣೆಯಲ್ಲಿ ನಾಲ್ಕು ಮಂಚ, ಒಂದು ಫ್ಯಾನು. ಫ್ಯಾನು ತಿರುಗುವಾಗ ಮಾಡುವ ಸದ್ದನ್ನು ನಾನು ಮೊದಲ ದಿನವೇ ಕಲಿತೆ. ಅದು ನಿಂತಾಗ ನಾನು ಮಾಡುತ್ತಿದ್ದೆ. ಗಾಳಿ ಮಾತ್ರ ಬರುತ್ತಿರಲಿಲ್ಲ.

ಮಾವ ನೋಡಿಕೊಳ್ಳುತ್ತಿದ್ದದ್ದು ಒಂದು ಕೆಂಚು ಬಣ್ಣದ ಹೆಣ್ಣು ಕುದುರೆಯನ್ನು. ಕಾಗದದಲ್ಲಿ ಅದಕ್ಕೆ ನಾಲ್ಕು ಪದದ ರಾಜಮನೆತನದ ಹೆಸರು. ಮಾವ ಕರೆಯುವುದು ಕೆಂಪಿ ಎಂದು. ನಮ್ಮ ಮನೆಯ ಹಟ್ಟಿಯಲ್ಲಿ ಇದ್ದ ಹಸುವಿನ ಹೆಸರು ಅದು.

“ಕೋಟಿ ಬೆಲೆಯ ಕುದ್ರೆಗೆ ಹಸೀನ ಹೆಸ್ರು ಇಟ್ಯಲ್ಲ ಮಾವ,” ಎಂದೆ.

“ಹಸಿಂಗಾದ್ರೆ ವಯಸ್ಸಾದ್ಮೇಲೂ ಯಾರಾದ್ರೂ ಹುಲ್ಲು ಹಾಕ್ತ್ರು, ತಮಾ,” ಎಂದ ಮಾವ. ಅವನು ತಮಾಷೆ ಮಾಡುತ್ತಿದ್ದಾನೋ ಇಲ್ಲವೋ ಎಂದು ನನಗೆ ಆಗ ತಿಳಿಯಲಿಲ್ಲ. ನಾನು ನಕ್ಕೆ. ನಾನು ಎಲ್ಲದಕ್ಕೂ ನಗುತ್ತೇನೆ.

ಲಾಯದಲ್ಲಿ ಒಂದು ಕಟ್ಟಳೆ ಇತ್ತು. ಯಾರೂ ಶಿಳ್ಳೆ ಹಾಕಬಾರದು. ಯಾಕೆಂದರೆ ಶಿಳ್ಳೆ ಅಲ್ಲಿ ಒಂದು ಉಪಕರಣ. ದಿನಾ ಬೆಳಿಗ್ಗೆ ಹೊಸ ಹುಲ್ಲು ಹಾಸಿದ ಕೂಡಲೇ ಕುದುರೆಗೆ ಉಚ್ಚೆ ಬರುತ್ತದೆ. ಆ ಹೊತ್ತಿಗೆ ಸರಿಯಾಗಿ ಅದನ್ನು ನೋಡಿಕೊಳ್ಳುವವನು ಶಿಳ್ಳೆ ಹಾಕುತ್ತಾನೆ. ತಿಂಗಳುಗಟ್ಟಲೆ ಹೀಗೆ ಮಾಡಿದರೆ ಕೊನೆಗೆ ಶಿಳ್ಳೆ ಕೇಳಿದರೆ ಸಾಕು, ಕುದುರೆ ಹಿಂಗಾಲು ಅಗಲಿಸುತ್ತದೆ. ಪಂದ್ಯದ ನಂತರ ಮೊದಲು ಬಂದ ಕುದುರೆಗಳ ಮೂತ್ರ ಹಿಡಿದು ಪರೀಕ್ಷೆಗೆ ಕಳಿಸುತ್ತಾರೆ, ಮದ್ದು ಹಾಕಿ ಓಡಿಸಿದ್ದಾರೋ ಎಂದು ನೋಡಲು. ಅಲ್ಲಿ ಈ ಶಿಳ್ಳೆ ಬೇಕು. ಕೆಂಪಿಗೆ ಬೇರೆ ಯಾರ ಶಿಳ್ಳೆಯೂ ನಡೆಯದು, ಮಾವನದ್ದೇ ಆಗಬೇಕು.

ಆ ಶಿಳ್ಳೆ ಹೇಗಿತ್ತು ಎಂದರೆ, ಶಿಳ್ಳೆಗಿಂತ ಉಸಿರೇ ಹೆಚ್ಚು. ಉದ್ದಕ್ಕೆ ಹೋಗಿ, ನಡುವೆ ಒಮ್ಮೆ ಸೋತು, ಮತ್ತೆ ಏಳುವ ಸದ್ದು. ಧಾರೇಶ್ವರದ ದಂಡೆಯಲ್ಲಿ ಗಾಳಿಮರಗಳ ನಡುವೆ ಮಧ್ಯಾಹ್ನದ ಮೇಲೆ ಬರುವ ಗಾಳಿ ಹಾಗೇ ಇರುತ್ತದೆ. ಎಲ್ಲಿಂದ ಕಲಿತೆ ಎಂದು ಕೇಳಿದರೆ, ನಿನ್ನಮ್ಮ ನಿನ್ನನ್ನು ಕಾಲ ಮೇಲೆ ಕೂರಿಸಿಕೊಂಡು ‘ಸ್ಸ್’ ಅನ್ನುತ್ತಿರಲಿಲ್ಲವಾ, ಅದನ್ನೇ ಸ್ವಲ್ಪ ಉದ್ದ ಮಾಡಿದ್ದು ಎಂದ. ಇಡೀ ಕೊಲ್ಲಿಯ ರೇಸು ನನ್ನ ಚಡ್ಡಿಯ ಕಾಲದ ತಂತ್ರದ ಮೇಲೆ ನಿಂತಿದೆ ಎಂದು ಗೊತ್ತಾಗಿ ಹೆಮ್ಮೆಯಾಯಿತು.

ಎರಡು ದಿನದಲ್ಲಿ ನನಗೆ ಆ ಶಿಳ್ಳೆ ಬಂತು.

ಮೂರನೇ ದಿನ, ಅತಿಥಿಗಳು

ಬಂದದ್ದು ತುಟಿಯಲ್ಲಿ ಕಚಗುಳಿ ಇಡುತ್ತಿತ್ತು. ಮೂರನೇ ದಿನ ಮಾಲೀಕರ ಕಡೆಯ ಅತಿಥಿಗಳು ಕುದುರೆ ನೋಡಲು ಬಂದರು. ಅಂಗಳದಲ್ಲಿ ಜಮಖಾನೆ ಹಾಸಿ, ಅದರ ಮೇಲೆ ಕೆಂಪಿಯನ್ನು ಫೋಟೋಗೆ ನಿಲ್ಲಿಸಿದ್ದರು. ಲಾಯದ ಮ್ಯಾನೇಜರು, ನಮ್ಮ ದೇಶದವನೇ, ಹೊಳೆಯುವ ಬೂಟು ಹಾಕಿಕೊಂಡು, ಮಾತಿಗೆ ಮೊದಲು ಗಂಟಲು ಸರಿಮಾಡಿಕೊಂಡು, ಕುದುರೆಯ ವಂಶಾವಳಿ ಹೇಳುತ್ತಿದ್ದ. ಮಾವ ಪಕ್ಕದಲ್ಲಿ ನೀರಿನ ಬಕೆಟ್ಟಿನ ಮೇಲೆ ಬಗ್ಗಿದ್ದ. ನಾನು ಹುಲ್ಲಿನ ಪೆಂಡಿಗಳ ಹಿಂದೆ. ವಂಶಾವಳಿ ಅಜ್ಜಿಯ ಅಜ್ಜಿಯವರೆಗೆ ಹೋಯಿತು. ನನ್ನ ತುಟಿ ನಿಲ್ಲಲಿಲ್ಲ. ತೀರ ಮೆಲ್ಲಗೆ, ಒಂದೇ ಒಂದು ಸಲ.

ಕೆಂಪಿ ಹಿಂಗಾಲು ಅಗಲಿಸಿದಳು. ಜಮಖಾನೆ ಹೋಯಿತು. ಹೊಳೆಯುವ ಬೂಟೂ ಹೋಯಿತು.

ಯಾರು ಶಿಳ್ಳೆ ಹಾಕಿದ್ದು ಎಂದು ಮ್ಯಾನೇಜರು ಕಿರುಚಿದಾಗ ಮಾವ ಬಕೆಟ್ಟಿನಿಂದ ತಲೆ ಎತ್ತಿ, ತಾನೇ, ಅಭ್ಯಾಸ ಬಲ ಎಂದ. ಎಲ್ಲರೆದುರು ಬೈಸಿಕೊಂಡ. ಸಂಜೆ ರೊಟ್ಟಿ ತಿನ್ನುತ್ತ ಇಷ್ಟೇ ಹೇಳಿದ: “ನೀ ನನ್ನ ಹಾಂಗೆ ಮಾಡಿದ್ರೆ ಬೈಗಳೂ ನಂಗೇ ಬರ್ತದೆ, ತಮಾ. ಅದು ಗೊತ್ತಿರ್ಲಿ.”

ಇಷ್ಟು ವರ್ಷ ಜನರ ಧ್ವನಿ ಕದ್ದು ತಿಂದವನಿಗೆ ಇದು ಹೊಳೆದೇ ಇರಲಿಲ್ಲ. ನನ್ನ ಅಣಕದಿಂದ ಆ ಕಂಡಕ್ಟರನಿಗೆ ಬಸ್ಸಿನಲ್ಲಿ ಏನಾಗುತ್ತದೆ ಎಂದು ನಾನು ಕೇಳಿದವನೇ ಅಲ್ಲ.

ಐದನೇ ದಿನ, ಮುಂಗಾಲು

ಬೆಳಕು ಹರಿಯುವ ಹೊತ್ತಿಗೆ ಮಾವ ಕೆಂಪಿಯ ಎಡ ಮುಂಗಾಲಿನ ಮೇಲೆ ಅಂಗೈ ಇಟ್ಟು ಕೂತಿದ್ದ. ನನ್ನ ಕೈಯನ್ನೂ ಎಳೆದು ಇಡಿಸಿದ. ಮೊಳಕಾಲಿನ ಕೆಳಗೆ ದೋಸೆ ಕಾವಲಿಯ ಹಾಗೆ ಬಿಸಿ. ನಡೆಸಿದರೆ ತಲೆ ಮೇಲೆ ಕೆಳಗೆ ಆಡಿಸುತ್ತ ಕುಂಟುತ್ತಿದ್ದಳು. ಪಂದ್ಯಕ್ಕೆ ಮೂರು ದಿನ ಇತ್ತು.

ಮಾವ ಹೋಗಿ ಮ್ಯಾನೇಜರಿಗೆ ಹೇಳಿದ. ಸ್ವಲ್ಪ ಹೊತ್ತಿಗೆ ಮ್ಯಾನೇಜರು ಒಂದು ಸಣ್ಣ ಡಬ್ಬಿ ಹಿಡಿದುಕೊಂಡು ಬಂದ. ಅದರಲ್ಲಿದ್ದ ಸೀಸೆಗೆ ಹೆಸರಿನ ಚೀಟಿ ಇರಲಿಲ್ಲ, ಕಿತ್ತ ಅಂಟು ಮಾತ್ರ ಇತ್ತು. ವಿಟಮಿನ್ ಎಂದು ಹೇಳಿ ತಾನೇ ಸೂಜಿ ಚುಚ್ಚಿದ. ಮಧ್ಯಾಹ್ನ ಕೆಂಪಿ ನೆಟ್ಟಗೆ ನಡೆದಳು. ನಾನು ಭೇಷ್ ಎಂದೆ. ಮಾವ ಕಾಲು ಮುಟ್ಟಿ ನೋಡಿದ. ಬಿಸಿ ಹಾಗೇ ಇತ್ತು.

“ನೋವು ಹೋಗ್ಲಿಲ್ಲ. ನೋವಾಗ್ತದೆ ಅಂಬುದು ಅವಳಿಗೆ ಗೊತ್ತಾಗೂದು ಹೋಯ್ತು,” ಎಂದ. “ಗೊತ್ತಿದ್ರೆ ಕಾಲು ಎಳೀತಿತ್ತು, ನಿಲ್ತಿತ್ತು. ಈಗ ಆ ಕಾಲಿನ ಮೇಲೇ ಬಿದ್ದು ಓಡ್ತದೆ.”

ಓಡುವಾಗ ಮುರಿದರೆ ಏನಾಗುತ್ತದೆ ಎಂದು ಕೇಳಿದೆ. ಹಸಿರು ಪರದೆ ತಂದು ಸುತ್ತ ಹಿಡಿಯುತ್ತಾರೆ, ಜನರಿಗೆ ಕಾಣಬಾರದು ಅಂತ ಎಂದ. ಪರದೆಯ ಒಳಗೆ ಏನು ಎಂದು ನಾನು ಕೇಳಲಿಲ್ಲ. ಮೊದಲ ಸಲ ನಗು ಬರಲಿಲ್ಲ.

ನಾವೇನು ಬಹಳ ಸಾಚಾ ಅಂತಲ್ಲ. ನಮ್ಮ ಕೇರಿಯಲ್ಲೇ ಒಬ್ಬರು ಕೋಳಿ ಅಂಕದ ಕಾಳಗಕ್ಕೆ ಹೋಗುವ ಮುಂಚೆ ಹುಂಜಕ್ಕೆ ಕಾಳುಮೆಣಸು ಅರೆದು ನುಂಗಿಸುತ್ತಿದ್ದರು. ಆ ಹುಂಜದ ಉರಿ ತಡೆಯದ ಕೂಗನ್ನು ನಾನು ವೇದಿಕೆಯಲ್ಲಿ ಮಾಡಿ ಚಪ್ಪಾಳೆ ಗಿಟ್ಟಿಸಿದವನು. ಅಲ್ಲಿ ಮೆಣಸು, ಇಲ್ಲಿ ಸೂಜಿ. ಅಲ್ಲಿ ಕೇರಿಯ ಹತ್ತು ಜನ, ಇಲ್ಲಿ ಟೋಪಿ ಹಾಕಿದ ಸಾವಿರ ಜನ.

ದೂರು ಕೊಡು ಎಂದೆ ಮಾವನಿಗೆ. ಯಾರಿಗೆ, ಹೇಗೆ, ಸೀಸೆಯ ಮೇಲೆ ಹೆಸರೇ ಇಲ್ಲದ್ದಕ್ಕೆ ಎಂದ. ಮುಂದಿನ ತಿಂಗಳು ಅವನ ವೀಸಾ ಹೊಸದಾಗಬೇಕು, ಮ್ಯಾನೇಜರಿನ ಸಹಿ ಬೇಕು. ಮಗಳು ಕುಮಟಾದಲ್ಲಿ ನರ್ಸಿಂಗ್ ಎರಡನೇ ವರ್ಷ. ಒಂದೇ ದಾರಿ ಎಂದರೆ ಕೆಂಪಿ ಮೊದಲ ಮೂರರಲ್ಲಿ ಬರಬೇಕು. ಆಗ ಪರೀಕ್ಷೆಗೆ ಒಯ್ಯುತ್ತಾರೆ, ಅದು ಎಲ್ಲ ಹೇಳುತ್ತದೆ. ಕಾಲು ಉಳಿಯಲಿ ಎಂದು ಕುದುರೆ ನಿಧಾನ ಓಡಲಿ ಎನ್ನುವುದೋ, ಪರೀಕ್ಷೆಯಾಗಲಿ ಎಂದು ಜೋರಾಗಿ ಓಡಲಿ ಎನ್ನುವುದೋ? ಮಾವ ಮೂರು ದಿನ ಯಾವ ದೇವರಿಗೆ ಏನು ಬೇಡಿಕೊಂಡ ಎಂದು ನನಗೆ ಗೊತ್ತಿಲ್ಲ. ನಾನಂತೂ ಉಗುರು ಕಚ್ಚಿ ಮುಗಿಸಿದೆ.

ಪಂದ್ಯದ ದಿನ

ಮಧ್ಯಾಹ್ನದ ಮೂರನೇ ಪಂದ್ಯ. ಜನ ಎದ್ದು ನಿಂತು ಕೂಗುತ್ತಿದ್ದರು. ವೀಕ್ಷಕ ವಿವರಣೆಯವನು ಉಸಿರೇ ಇಲ್ಲದೆ ಮಾತಾಡುತ್ತಿದ್ದ. ಬೇರೆ ದಿನವಾದರೆ ನಾನು ಅಲ್ಲೇ ಅವನನ್ನು ಕಲಿತುಬಿಡುತ್ತಿದ್ದೆ. ಆ ದಿನ ನಾನು ನೋಡಿದ್ದು ಒಂದೇ ಕಾಲು. ಎಡ ಮುಂಗಾಲು.

ಕೆಂಪಿ ಎರಡನೆಯವಳಾಗಿ ಬಂದಳು. ಕಾಲಿನ ಮೇಲೇ ನಿಂತು ಬಂದಳು.

ಮ್ಯಾನೇಜರು ಕುದುರೆಯ ಕುತ್ತಿಗೆ ತಟ್ಟಿದ. ಆಮೇಲೆ ಗಂಟಲು ಸರಿಮಾಡಿಕೊಂಡು ಮಾವನಿಗೆ ಮೆಲ್ಲಗೆ ಹಿಂದಿಯಲ್ಲಿ ಹೇಳಿದ. ಇವತ್ತು ಶಿಳ್ಳೆ ಬೇಡ. ಒಂದು ತಾಸು ಉಚ್ಚೆ ಬರದಿದ್ದರೆ ರಕ್ತ ತೆಗೆದು ಬಿಟ್ಟುಬಿಡುತ್ತಾರೆ. ಹತ್ತು ದಿನಕ್ಕೆ ಇನ್ನೊಂದು ಪಂದ್ಯ ಇದೆ. ನಿನ್ನ ವೀಸಾ ಮುಂದಿನ ತಿಂಗಳಲ್ಲವಾ ಎಂದೂ ಬಹಳ ಪ್ರೀತಿಯಿಂದ ವಿಚಾರಿಸಿದ.

ಇದನ್ನೆಲ್ಲ ಮಾವ ಹಗ್ಗ ಸರಿಪಡಿಸುವ ನೆವದಲ್ಲಿ ನನ್ನ ಪಕ್ಕ ಬಗ್ಗಿ ಹೇಳಿದ. ಆ ಮದ್ದು ಮೂರು ದಿನಕ್ಕೆ ರಕ್ತದಲ್ಲಿ ಮಾಸುತ್ತದಂತೆ, ಉಚ್ಚೆಯಲ್ಲಿ ಇನ್ನೂ ಇರುತ್ತದಂತೆ. ಹತ್ತು ದಿನಕ್ಕೆ ಮತ್ತೆ ಓಡಿಸಿದರೆ ಆ ಕಾಲು ತಡೆಯುವುದಿಲ್ಲ ಎಂದ. ಅವನ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಕೇಳಿದ:

“ಅವಲಕ್ಕಿ ಉಂಟನಾ?”

ನನಗೆ ಸಿಟ್ಟು ಬಂತು. ಈ ಹೊತ್ತಿನಲ್ಲಿ ಹಸಿವೆಯಾ? ಆದರೂ ಚೀಲದಿಂದ ಪೊಟ್ಟಣ ತೆಗೆದುಕೊಟ್ಟೆ. ಅವನು ಅದನ್ನು ಜೇಬಿಗಿಳಿಸಿ, ಪರೀಕ್ಷೆಯ ಕೊಟ್ಟಿಗೆಯ ಹಿಂದೆ ನಿಂತಿದ್ದ ನೀರಿನ ಟ್ಯಾಂಕರನ್ನು ಗದ್ದದಿಂದ ತೋರಿಸಿದ.

“ನೀ ಅಲ್ಲಿ ಹೋಗಿ ನಿಲ್. ಎಂತದೂ ಮಾಡ್ಬೇಡ, ಹಾಂ?”

ಹುಟ್ಟಿದಾಗಿನಿಂದ ಯಾರು ಏನು ಮಾಡಬೇಡ ಎಂದರೂ ನಾನು ಅದನ್ನೇ ಮಾಡುತ್ತ ಬಂದವನು. ಮಾವನಿಗೆ ಅದು ಗೊತ್ತಿಲ್ಲದ್ದೇನಲ್ಲ.

ಟ್ಯಾಂಕರಿನ ಹಿಂದೆ

ಕೊಟ್ಟಿಗೆಯ ಗೋಡೆ ನನ್ನ ಎದೆಯವರೆಗೆ, ಅದರ ಮೇಲೆ ಜಾಲರಿ. ಟ್ಯಾಂಕರಿನ ಕ್ಯಾಬಿನ್ನಿನ ಹಿಂದಿನ ಸಂದಿನಿಂದ ಎಲ್ಲ ಕಾಣುತ್ತಿತ್ತು. ಒಳಗೆ ಬಿಳಿ ಕೋಟಿನ ಡಾಕ್ಟರಮ್ಮ, ಉದ್ದನೆಯ ಕೋಲಿನ ತುದಿಗೆ ಬಟ್ಟಲು ಕಟ್ಟಿಕೊಂಡು, ಮೀನಿಗೆ ಗಾಳ ಹಾಕಿ ಕೂತವರ ಹಾಗೆ ಕಾಯುತ್ತಿದ್ದರು. ಮಾವ ಹಗ್ಗ ಹಿಡಿದಿದ್ದ. ಮ್ಯಾನೇಜರು ಅವನ ಎದುರಿಗೆ ನಿಂತು, ಕುದುರೆಯನ್ನು ಬಿಟ್ಟು, ಮಾವನ ತುಟಿಯನ್ನೇ ನೋಡುತ್ತಿದ್ದ.

ಡಾಕ್ಟರಮ್ಮ ತಾವೇ ಶಿಳ್ಳೆ ಹಾಕಿ ನೋಡಿದರು. ಕೆಂಪಿ ಕಿವಿ ಕೂಡ ತಿರುಗಿಸಲಿಲ್ಲ. ನಿನಗೆ ಬರುತ್ತದಾ ಎಂದು ಮಾವನಿಗೆ ಕೈಸನ್ನೆ ಮಾಡಿದರು. ಇವತ್ತು ಗಂಟಲು ಕಟ್ಟಿದೆ ಎಂದು ಮ್ಯಾನೇಜರೇ ಉತ್ತರ ಕೊಟ್ಟ. ಕಾಲು ತಾಸು ಹೋಯಿತು. ಅರ್ಧ ತಾಸು.

ನನ್ನ ತುಟಿ ಉರಿಯುತ್ತಿತ್ತು. ಹಾಕಿದರೆ ಕೆಂಪಿ ಉಳಿದಾಳು, ಆದರೆ ಶಿಳ್ಳೆ ಮಾವನದ್ದು, ಬೈಗಳೂ ಮಾವನಿಗೆ. ಈ ಸಲ ಬೈಗಳಲ್ಲ, ಸೀದಾ ವಿಮಾನ. ಹಾಕದಿದ್ದರೆ ಹತ್ತು ದಿನಕ್ಕೆ ಹಸಿರು ಪರದೆ. ನಾನು ಟ್ಯಾಂಕರಿನ ಸುತ್ತ ಮೂರು ಸುತ್ತು ಬಂದೆ. ಕೈಯಿಂದ ಬಾಯಿ ಮುಚ್ಚಿಕೊಂಡೆ. ಬೆರಳು ಕಚ್ಚಿದೆ. ಮತ್ತೆ ಸಂದಿನಲ್ಲಿ ಇಣುಕಿದರೆ ಮಾವ ಜೇಬಿನಿಂದ ಪೊಟ್ಟಣ ತೆಗೆದು ಅವಲಕ್ಕಿ ತಿನ್ನುತ್ತಿದ್ದಾನೆ. ಒಂದು ಮುಷ್ಟಿ, ಇನ್ನೊಂದು ಮುಷ್ಟಿ. ಎರಡೂ ಕೆನ್ನೆ ಉಬ್ಬಿವೆ. ಮ್ಯಾನೇಜರಿಗೂ ಕೈ ಚಾಚಿ ಬೇಕಾ ಎನ್ನುತ್ತಾನೆ. ಅವನು ಅಸಹ್ಯಪಟ್ಟು ತಲೆಯಾಡಿಸಿದ.

ಇಲ್ಲಿ ನಾನು, ಕೂಡಲೇ ಎಲ್ಲ ಅರ್ಥವಾಯಿತು, ಆಮೇಲೆ ಶಿಳ್ಳೆ ಹಾಕಿದೆ ಎಂದು ಬರೆದರೆ ನಿಮಗೆ ನನ್ನ ಬಗ್ಗೆ ಗೌರವ ಬರುತ್ತದೆ. ಹಾಗಾಗಲಿಲ್ಲ. ಮದುವೆ ಮನೆಯಲ್ಲಿ ಕೂತವರ ಹಾಗೆ ತಿನ್ನುವ ಮಾವನನ್ನು ಕಂಡು ನನ್ನೊಳಗೆ ಏನೋ ಸಡಿಲವಾಯಿತು, ತುಟಿ ತಾನಾಗಿ ಮುಂದೆ ಬಂತು. ಉದ್ದಕ್ಕೆ ಹೋಗಿ, ನಡುವೆ ಸೋತು, ಮತ್ತೆ ಎದ್ದ ಶಿಳ್ಳೆ. ಕೆಂಪಿಯ ಕಿವಿ ತಿರುಗಿತು. ಎರಡನೆಯದು. ಮೂರನೆಯದಕ್ಕೆ ಅವಳು ಹಿಂಗಾಲು ಅಗಲಿಸಿದಳು, ಡಾಕ್ಟರಮ್ಮನ ಕೋಲು ಮುಂದೆ ಹೋಯಿತು.

ಮ್ಯಾನೇಜರು ಮಾವನ ಕಡೆ ಒಂದು ಹೆಜ್ಜೆ ಇಟ್ಟ. ಮಾವ ಅವನ ಮುಖಕ್ಕೆ ನೇರವಾಗಿ ಬಾಯಿ ತೆರೆದು ತೋರಿಸಿದ. ಗಂಟಲವರೆಗೆ ಅವಲಕ್ಕಿ. ಆ ಬಾಯಿಂದ ಶಿಳ್ಳೆ ಹಾಗಿರಲಿ, ಉಸಿರೂ ಸರಿಯಾಗಿ ಬರುವಂತಿರಲಿಲ್ಲ. ಆಗ ನನಗೆ ಅರ್ಥವಾಯಿತು. ಮಾವನ ಬಾಯಿ ಖಾಲಿ ಇದ್ದಿದ್ದರೂ ನಾನು ಹಾಕಿಯೇ ಬಿಡುತ್ತಿದ್ದೆನೇನೋ. ಅದನ್ನು ತಿಳಿದೇ ಅವನು ಬಾಯಿ ತುಂಬಿಕೊಂಡಿದ್ದ.

ಮ್ಯಾನೇಜರು ಗೋಡೆಯ ಆಚೆ ಇಣುಕುವ ಹೊತ್ತಿಗೆ ನಾನು ಟ್ಯಾಂಕರಿನ ಡ್ರೈವರಿಗೆ ಬೀಡಿ ಹಚ್ಚಿಕೊಡುತ್ತಿದ್ದೆ. ಒಳಗೆ ಡಾಕ್ಟರಮ್ಮ ಎರಡು ಬಾಟಲಿಗೆ ಮುದ್ರೆ ಹಾಕುತ್ತಿದ್ದರು. ಮಾವ ಸಾಕ್ಷಿಯ ಸಹಿ ಹಾಕಿದ, ಕನ್ನಡದಲ್ಲಿ.

ಸಂಜೆ ಕೆಂಪಿಯ ಕಾಲಿಗೆ ತಣ್ಣೀರು ಬಿಡುತ್ತ ಮಾವ ಹೇಳಿದ್ದು ಇಷ್ಟೇ: “ಆತು. ಅಕ್ಕಂಗೆ ಹೇಳು, ಉಪ್ಪು ಸ್ವಲ್ಪ ಜಾಸ್ತಿ ಆಗಿತ್ತು.”

ಕುಮಟಾ

ನಾನು ಊರಿಗೆ ಬಂದು ಒಂದೂವರೆ ತಿಂಗಳಿಗೆ ಮಾವನ ಫೋನು ಬಂತು. ಮಿರ್ಜಾನದಲ್ಲಿ ಗೆಳೆಯನ ಮನೆಯಲ್ಲಿದ್ದೆ, ಹೊಳೆಯ ದಂಡೆಗೆ ಓಡಿದೆ, ಸಿಗ್ನಲ್ ಅಲ್ಲೇ ಸಿಗುವುದು. ಮುಂದಿನ ಪಂದ್ಯಕ್ಕೆ ಮೊದಲೇ ಪರೀಕ್ಷೆಯಲ್ಲಿ ಮದ್ದು ಸಿಕ್ಕಿತಂತೆ. ಕೆಂಪಿಯನ್ನು ಪಂದ್ಯದಿಂದ ಹೊರಗಿಟ್ಟು ಕಾಲಿನ ಚಿತ್ರ ತೆಗೆಸಿದರೆ ಮೂಳೆಯಲ್ಲಿ ಕೂದಲೆಳೆಯಷ್ಟು ಬಿರುಕು. ಇನ್ನೊಂದು ಓಟಕ್ಕೆ ಮುರಿಯುತ್ತಿತ್ತಂತೆ. ಮ್ಯಾನೇಜರು ಈಗ ಆ ಲಾಯದಲ್ಲಿಲ್ಲ. ವೀಸಾಕ್ಕೆ ಹೊಸಬರು ಸಹಿ ಹಾಕಿದರು, ಆದರೆ ಮಾವನ ಮೇಲಿನ ಅನುಮಾನ ಪೂರ್ತಿ ಹೋಗಿಲ್ಲ. ಅವನನ್ನು ಬೇರೆ ಕುದುರೆಗಳ ಸಾಲಿಗೆ ಹಾಕಿದ್ದಾರೆ. ಕೆಂಪಿ ಊರಾಚೆಯ ಬಯಲಿನಲ್ಲಿ ವಿಶ್ರಾಂತಿಯಲ್ಲಿದ್ದಾಳೆ, ಬೇರೆಯವನ ಕೈಯಲ್ಲಿ. ಶುಕ್ರವಾರ ರಜೆಯಲ್ಲಿ ಮಾವ ಬಸ್ಸು ಹಿಡಿದು ಹೋಗಿ ಬೇಲಿಯ ಈಚೆಯಿಂದ ನೋಡಿ ಬರುತ್ತಾನೆ.

“ಶಿಳ್ಳೆ ಹಾಕ್ತ್ಯಾ?” ಎಂದು ಕೇಳಿದೆ.

“ಇಲ್ಲ. ಹಾಕಿದ್ರೆ ಸುಮ್ನೆ ಹುಡ್ಕ್ತದೆ,” ಎಂದ. “ನೀನೂ ಅದೊಂದನ್ನ ಸ್ಟೇಜ್ ಮೇಲೆ ಮಾಡ್ಬೇಡ, ತಮಾ. ಅದು ಅವ್ಳದ್ದು.”

ಹೋದ ವಾರ ಕುಮಟಾದಲ್ಲಿ ಒಂದು ಕಾರ್ಯಕ್ರಮ. ಕೊಲ್ಲಿಗೆ ಹೋಗಿ ಬಂದವನು ಎಂದು ನನ್ನ ಬೆಲೆ ಏರಿತ್ತು. ಕುದುರೆ ಓಡಿಸಿದೆ, ವೀಕ್ಷಕ ವಿವರಣೆ ಮಾಡಿದೆ, ಮ್ಯಾನೇಜರಿನ ಗಂಟಲು ಸರಿಮಾಡಿದೆ. ಸಭೆ ಹೊಟ್ಟೆ ಹಿಡಿದು ನಕ್ಕಿತು. ಕುದುರೆ ನೋಡಿಕೊಳ್ಳುವವನನ್ನು ಮಾಡು ಎಂದು ಹಿಂದಿನಿಂದ ಯಾರೋ ಕೂಗಿದರು.

ನಾನು ಜೇಬಿನಿಂದ ಪೊಟ್ಟಣ ತೆಗೆದು ಎರಡು ಮುಷ್ಟಿ ಅವಲಕ್ಕಿ ಬಾಯಿಗೆ ತುಂಬಿಕೊಂಡೆ. ಮೈಕಿನ ಮುಂದೆ ನೆಟ್ಟಗೆ ನಿಂತು, ಸುಮ್ಮನೆ, ಜಗಿದೆ. ಕಾಲೂ ಅಲುಗಿಸಲಿಲ್ಲ. ಸಭೆಗೆ ಎಂತದೂ ತಿಳಿಯಲಿಲ್ಲ, ಒಬ್ಬರೂ ನಗಲಿಲ್ಲ. ಅಮ್ಮ ಮಾತ್ರ ಮೊದಲ ಸಾಲಿನಲ್ಲಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಪಕ್ಕದವಳಿಗೆ ಹೇಳಿದ್ದು ಕೇಳಿಸಿತು:

“ಥೇಟ್ ನನ್ ತಮ್ಮನೇ.”